ಹಬ್ಬದೊಳಗೆ ಮುಗಿಸಿದ ಕೇಸು

ಡ್ರೈಕ್ಲೀನಿಗೆಂದು ತೆಗೆದ ಬ್ಲೇಜರಿನ ಜೇಬಿನಲ್ಲಿ ಹಳೆಯ ಚೀಟಿಯೊಂದು ಸಿಕ್ಕಿತು. ಇನ್ನೂ ಇಂಗಿನ ವಾಸನೆ. ಅಕ್ಷರ ನನ್ನದೇ, ಅಂಕಲ್ ಕೋರ್ಟಿಗೆ ಹೋಗುವ ಹಿಂದಿನ ರಾತ್ರಿ ಬರೆದ ಭಯಗಳ ಪಟ್ಟಿ. ಪಾರ್ಕಿಂಗ್ ಸಿಗದಿರಬಹುದು. ಟರ್ನ್‌ಪೈಕ್ ಹೆದ್ದಾರಿ ಜಾಮ್ ಆಗಬಹುದು. ವಕೀಲ ಕೈಕೊಡಬಹುದು. ಅಂಕಲ್ ಜಡ್ಜ್ ಮುಂದೆ ಜೋಕ್ ಹೊಡೆಯಬಹುದು. ಕೈಕೋಳ ಹಾಕಬಹುದು. ನನಗೇ ತಲೆ ತಿರುಗಬಹುದು... ಕೋರ್ಟಿಗೆ ಹೋಗಬೇಕಾದವರು ಅವರು, ರಾತ್ರಿಯಿಂದ ಆಂಟಾಸಿಡ್ ನುಂಗುತ್ತಿದ್ದವನು ನಾನು.

ನ್ಯೂಜೆರ್ಸಿಯಲ್ಲಿ ನಮ್ಮ ಮನೆಗೆ ಹತ್ತಿರದ ಇಂಡಿಯನ್ ಗ್ರೋಸರಿ ಈ ಅಂಕಲ್‌ದು. ಧಾರವಾಡದವರು, ಗ್ರೀನ್ ಕಾರ್ಡ್ ಇತ್ತು, ಪೌರತ್ವ ಇರಲಿಲ್ಲ. ಯಾರೋ ವ್ಯಾನಿನಲ್ಲಿ ತಂದ ಬ್ಯಾಟರಿ ಪೆಟ್ಟಿಗೆಗಳನ್ನು ಅಗ್ಗವೆಂದು ಕೊಂಡಿದ್ದರು. ಕಳ್ಳಮಾಲು. ತಪ್ಪೊಪ್ಪಿಕೊಂಡರೆ ಒಂದು ವರ್ಷ ಶಿಕ್ಷೆ, ಅದೂ ಕಾಗದದ ಮೇಲೆ ಮಾತ್ರ, ಜೈಲಿಲ್ಲ. ಎರಡು ವಾರ ಸಮಯ ಕೇಳಿ ಇಮಿಗ್ರೇಷನ್ ಕಾನೂನು ಬಲ್ಲವರಿಗೊಮ್ಮೆ ತೋರಿಸೋಣವೇ ಎಂದ ವಕೀಲ. ಅಡ್ಡಬಾಯಿ ಹಾಕಿದ್ದು ನಾನೇ. ಶನಿವಾರ ಕನ್ನಡ ಸಂಘದ ಗಣೇಶನ ಹಬ್ಬ, ಅಡುಗೆಯ ಉಸ್ತುವಾರಿ ಅವರದು.

"ಹಬ್ಬದೊಳಗೆ ಮುಗಿಸಿಬಿಡಿ ಅಂಕಲ್. ನಾಲ್ಕು ಜನಕ್ಕೆ ಗೊತ್ತಾಗೋದು ಬೇಡ."

ಮುಗಿಸಿದರು. ಹೊರಗೆ ಬಂದು ನನ್ನ ಬೆನ್ನು ತಟ್ಟಿದರು. "ನೀ ಯಾಕ ಹಿಂಗ ಬೆವರಾಕತ್ತಿ ತಮ್ಮಾ? ಕಳ್ಳಮಾಲು ತೊಗೊಂಡಾಂವ ನಾನೋ ನೀನೋ?" ಶನಿವಾರ ಇನ್ನೂರು ಜನ ಅವರ ಹುಳಿಯನ್ನು ಹೊಗಳಿ ಉಂಡರು. ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಹನ್ನೆರಡು ವರ್ಷದ ನಂತರ, ಅಂಕಲ್ ಊರಿಂದ ವಾಪಸ್ ಬರುವಾಗ, ಏರ್‌ಪೋರ್ಟಿನ ಕಂಪ್ಯೂಟರಿಗೆ. ಗಡೀಪಾರಿನ ಕೇಸು ಹಾಕಿದರು. ಅಪೀಲಿಗೆ ಟ್ಯಾಕ್ಸ್ ಕಾಗದ, ದೇವಸ್ಥಾನದ ಪತ್ರ, ಆಂಟಿಯ ಡಯಾಲಿಸಿಸ್ ರಿಪೋರ್ಟು ಎಲ್ಲ ಹೊತ್ತೆವು. ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಹಳೆಯ ಶಿಕ್ಷೆ ಒಂದು ವರ್ಷ ಮುಟ್ಟಿದರೆ ಅದು ಘೋರ ಅಪರಾಧವಂತೆ, ಒಂದು ಗಂಟೆಯೂ ಜೈಲು ಕಾಣದಿದ್ದರೂ! ಆಮೇಲೆ ಜಡ್ಜ್‌ಗೆ ಕರುಣೆ ತೋರಿಸುವ ಅಧಿಕಾರವೇ ಇಲ್ಲವಂತೆ. ಬ್ಯಾಟರಿ ಕೊಂಡವನನ್ನೂ ಕೊಲೆಗಾರನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಲು ಇವರಿಗೆ ಅಷ್ಟು ದಪ್ಪ ಪುಸ್ತಕಗಳು ಬೇಕಾಗಿದ್ದವೇ? ಇಂದಿಗೂ ಮೈ ಉರಿಯುತ್ತದೆ.

ಕಳಿಸಿಬಿಟ್ಟರು. ಡಯಾಲಿಸಿಸ್ ಬಿಟ್ಟು ಆಂಟಿ ಹೋಗುವಂತಿರಲಿಲ್ಲ. ಕಳೆದ ತಿಂಗಳು ಅಂಕಲ್ ಧಾರವಾಡದಲ್ಲಿ, ತಂಗಿಯ ಮನೆಯಲ್ಲಿ, ತೀರಿಕೊಂಡರು...

ನಿನ್ನೆ ಕ್ಲಿನಿಕ್ಕಿಗೆ ಡ್ರಾಪ್ ಮಾಡುವಾಗ ಆಂಟಿ ಕೇಳಿದರು, "ಆವತ್ತ ಎರಡು ವಾರ ತಡದಿದ್ರ ಏನಾಗತಿತ್ತು?"

ಸಿಗ್ನಲ್ ಹಸಿರಾಯಿತು, ಗಾಡಿ ಮುಂದೆ ಬಿಟ್ಟೆ. ಅಪೀಲಿನ ವಕೀಲೆ ನನಗೆ ಹೇಳಿದ್ದಳು. ಶಿಕ್ಷೆಯನ್ನು ಒಂದು ವರ್ಷದ ಬದಲು ಮುನ್ನೂರ ಅರವತ್ತನಾಲ್ಕು ದಿನ ಎಂದು ಬರೆಸಿಕೊಳ್ಳಬಹುದಿತ್ತು, ಕೇಳಿದ್ದರೆ ಯಾರೂ ಇಲ್ಲವೆನ್ನುತ್ತಿರಲಿಲ್ಲ ಎಂದು. ಆ ದಿನ ತಪ್ಪಿದ್ದು ಅಷ್ಟೇ. ಒಂದು ದಿನ ಹೆಚ್ಚಾಗಿತ್ತು.