ಬೆರಳು ತಾಗಬಾರದ ಜಾಗ

ನನ್ನ ಕಂಪ್ಯೂಟರ್ ಮಾತಾಡುತ್ತದೆ. ನನಗೆ ಕಣ್ಣು ಕಾಣುವುದಿಲ್ಲವಾದ್ದರಿಂದ ಅದು ಮಾತಾಡಲೇಬೇಕು. ಪಿಯುಸಿಯಲ್ಲಿ ಮಸುಕಾಗತೊಡಗಿದ ದೃಷ್ಟಿ ಡಿಗ್ರಿ ಮುಗಿಯುವ ಹೊತ್ತಿಗೆ ಪೂರ್ತಿ ಹೋಯಿತು. ಆಮೇಲೆ ನಾನು ಕಲಿತದ್ದು ಕೀಲಿಮಣೆ. ಒತ್ತಿದ ಅಕ್ಷರವನ್ನು ಕಂಪ್ಯೂಟರಿನೊಳಗಿನ ಧ್ವನಿ ಹೇಳುತ್ತದೆ, ಕೇಳಿಕೊಂಡು ನಾನು ಮುಂದಿನದನ್ನು ಒತ್ತುತ್ತೇನೆ. ಮಧುಗಿರಿ ಕೋರ್ಟಿನ ಇಬ್ಬರು ವಕೀಲರು ದಾವೆಯ ಕರಡನ್ನು ಫೋನಿನಲ್ಲಿ ಮಾತಾಡಿ ಕಳಿಸುತ್ತಾರೆ. ಅದನ್ನು ಕನ್ನಡದಲ್ಲಿ ಟೈಪು ಮಾಡಿ ಕೊಡುವುದು ನನ್ನ ಕೆಲಸ.

ಕನ್ನಡ ಓದುವ ಹೊಸ ಧ್ವನಿ ಹಾಕಿಕೊಂಡ ಮೇಲೆ ತೊಂದರೆ ಶುರುವಾಯಿತು. ಧ್ವನಿ ಚೆನ್ನಾಗಿತ್ತು, ಆದರೆ ಹಳೆಯ ಯಂತ್ರಕ್ಕೆ ಭಾರವಾಯಿತು. ನಾನು ‘ಪ್ರತಿವಾದಿ’ ಎಂದು ಒತ್ತಿ ಮುಗಿಸಿ ಕೈ ತೆಗೆದ ಮೇಲೆ ಅದು ‘ಪ’ ಎನ್ನುತ್ತಿತ್ತು. ಕಾದು ಕೂತರೆ ಕೆಲಸ ಸಾಗದು, ಕಾಯದೆ ಹೋದರೆ ತಪ್ಪು. ಒಮ್ಮೆ ವಕೀಲರು ಫೋನು ಮಾಡಿ, “ಏನಮ್ಮ, ಚೆಕ್ಕುಬಂದೀಲಿ ಪೂರ್ವಕ್ಕೂ ಅದೇ ಹೊಲ, ಪಶ್ಚಿಮಕ್ಕೂ ಅದೇ ಹೊಲ ಆಗೈತಲ್ಲ” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ರಿಪೇರಿಗೆ ಕೊಡುವ ಧೈರ್ಯವೂ ಇರಲಿಲ್ಲ. ಹಿಂದೊಮ್ಮೆ ಕೊಟ್ಟಾಗ ಅಂಗಡಿಯವರು ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿ ಕೊಟ್ಟಿದ್ದರು. ಮನೆಗೆ ತಂದು ಹಾಕಿದರೆ ಮೂಕ. ನನ್ನ ಧ್ವನಿಯನ್ನೂ ಅಳಿಸಿಬಿಟ್ಟಿದ್ದರು. ಇನ್ನು ಈ ಡಬ್ಬ ಮನೆಯ ಹೊಸ್ತಿಲು ದಾಟುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದ್ದೆ.

ಹಾಗಾಗಿ ಪ್ರೊಸೆಸರನ್ನು ನಾನೇ ಬದಲಾಯಿಸುವುದು ಎಂದುಕೊಂಡೆ. ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವುದು ಅದೇ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಚೌಕದ ಬಿಲ್ಲೆ. ನನ್ನದರಲ್ಲಿ ಎರಡು ಕೋರ್, ಎಂದರೆ ಲೆಕ್ಕ ಮಾಡುವ ಎರಡು ಮಿದುಳು, ಇದ್ದವು. ಅದು ಕೂತಿರುವ ಬೋರ್ಡಿಗೇ ನಾಲ್ಕು ಕೋರಿನದೂ ಕೂರುತ್ತದೆ ಎಂದು ವಿಡಿಯೋಗಳನ್ನು ಕೇಳಿ ಕೇಳಿ ತಿಳಿದುಕೊಂಡಿದ್ದೆ.

ನಮ್ಮ ಯಜಮಾನರು ಪಾವಗಡದ ಕಡೆಯವರು, ನಮ್ಮೂರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಸಿಟ್ಟು ಬಂದರೆ ಅವರಿಗೆ ತೆಲುಗೇ ಬಾಯಿಗೆ ಬರುವುದು. “ಎಂದುಕೇ ನೀಕು ಇದಂತಾ?” ಎಂದರು, ಆಮೇಲೆ ಕನ್ನಡದಲ್ಲಿ, “ನಿಂಗ್ಯಾಕೆ ಇದೆಲ್ಲ? ಕರೆಂಟಿನ ಸಾಮಾನು ಕಣೆ. ಕೆಟ್ರೆ ಇರೋದೂ ಹೋಯ್ತದೆ.”

“ಈಗ ಇರೋದಾದ್ರೂ ಏನೈತೆ?” ಎಂದೆ. ಮುಂದಿನ ಸೋಮವಾರ ಅವರು ಗಿರಣಿಗೆ ಬೀಗ ಹಾಕಿ ನನ್ನನ್ನು ಸಿರಾ ಬಸ್ಸಿಗೆ ಹತ್ತಿಸಿ ತಾವೂ ಹತ್ತಿದರು.

ಸಿರಾದ ಅಂಗಡಿಯಾತ ಹಳೆಯ ಕಂಪ್ಯೂಟರುಗಳ ಬಿಡಿಭಾಗ ಮಾರುತ್ತಿದ್ದ. ನಮ್ಮ ಬೋರ್ಡಿನ ನಂಬರು ಕೇಳಿ ಒಂದು ಪ್ರೊಸೆಸರ್ ತೆಗೆದು ನನ್ನ ಅಂಗೈಯಲ್ಲಿಟ್ಟ.

“ಡಬ್ಬ ತಗೊಂಬನ್ನಿ ಬೆಹೆನ್, ನಾನೇ ಕೂರಿಸ್ಕೊಡ್ತೀನಿ.”

“ಬೇಡ ಭಾಯ್, ನಾನೇ ಹಾಕ್ಕೋತೀನಿ.”

ಅವನು ಮೆಲ್ಲಗೆ, “ಇದು ಕೂರೋ ಗೂಡಿದೆಯಲ್ಲ, ಅದರ ತುಂಬ ಸೂಜಿಗಳು. ಕೂದಲಿಗಿಂತ ಸಣ್ಣ. ನೀವು ನೋಡೋದೇ ಬೆರಳಲ್ಲಿ. ಬೆರಳು ತಾಗಿದ್ರೆ ಬಗ್ತಾವೆ. ಬಗ್ಗಿದ್ರೆ ಬೋರ್ಡ್ ಖತಂ” ಎಂದ.

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಅನ್ನ ಬೆಂದಿದೆಯೇ, ಸೀರೆ ತಿರುವುಮುರುವಾಗಿದೆಯೇ, ಎಲ್ಲವನ್ನೂ ನಾನು ಮುಟ್ಟಿಯೇ ತಿಳಿಯುವುದು. ಇಲ್ಲಿ ಮುಟ್ಟಲೇಬಾರದು. ಆದರೂ ಕೇಳಿದೆ: “ಕೆಟ್ಟುಹೋದ ಬೋರ್ಡು ಇದ್ರೆ ಒಂದು ಕೊಡ್ತೀರಾ? ಅದರ ಮೇಲೆ ಕಲೀತೀನಿ.”

ಅವನು ಒಳಗೆ ಹೋಗಿ ರಾಶಿಯಲ್ಲಿ ಹುಡುಕಿ, ನಮ್ಮಂಥದೇ ಗೂಡಿದ್ದ ಸತ್ತ ಬೋರ್ಡೊಂದನ್ನು ಸತ್ತ ಪ್ರೊಸೆಸರಿನ ಜೊತೆ ತಂದುಕೊಟ್ಟ. “ಇದನ್ನ ಎಷ್ಟು ಬೇಕಾದ್ರೂ ಹಾಳು ಮಾಡಿ” ಎಂದು ನಕ್ಕ. ಒಳ್ಳೆಯ ಪ್ರೊಸೆಸರಿಗೂ, ಅದರ ಬಿಸಿಯನ್ನು ಫ್ಯಾನಿಗೆ ದಾಟಿಸುವ ಪೇಸ್ಟಿಗೂ ದುಡ್ಡು ಕೊಟ್ಟು ಮನೆಗೆ ಬಂದೆವು.

ಹಾಳು ಮಾಡಿದೆ. ಮೊದಲು ಬೇಕೆಂದೇ ಆ ಸೂಜಿಗಳ ಮೇಲೆ ಬೆರಳಾಡಿಸಿದೆ, ನನಗೆ ಬೇಡವಾದದ್ದು ಹೇಗಿರುತ್ತದೆಂದು ಗೊತ್ತಾಗಲಿ ಅಂತ. ಒರಟು ಬಟ್ಟೆ ಸವರಿದ ಹಾಗಿತ್ತು. ನಂತರ ಗೂಡಿನ ಸುತ್ತಲಿನ ಪ್ಲಾಸ್ಟಿಕ್ ಗೋಡೆಯನ್ನು ಮಾತ್ರ ತಡಕುತ್ತ ಹೋದೆ. ಎದುರುಬದುರು ಎರಡು ಕಡೆ ಗೋಡೆ ತುಸು ತಗ್ಗಾಗಿತ್ತು, ಬೆರಳಿಳಿಯುವಷ್ಟು. ಪ್ರೊಸೆಸರಿನ ಅಂಚಿನಲ್ಲಿ ಉಗುರಿಗೆ ಸಿಗುವ ಎರಡು ಸಣ್ಣ ಕಚ್ಚುಗಳಿದ್ದವು. ಅದನ್ನು ಬಿಗಿಯುವ ಲಿವರ್ ನನ್ನ ಬಲಕ್ಕಿದ್ದರೆ ಕಚ್ಚುಗಳು ಯಾವ ಬದಿಗೆ ಬರಬೇಕೆಂಬುದನ್ನು ಕೈಗೆ ಕಲಿಸಿದೆ. ಹೆಬ್ಬೆರಳು, ನಡುಬೆರಳಲ್ಲಿ ಹಿಡಿದು ತಗ್ಗುಗಳೊಳಗೆ ನೇರ ಇಳಿಸಿ ಬಿಡುವುದು, ಅಷ್ಟೇ. ಕೈ ನಡುಗದೆ ಬಿಡುವುದು ಬರುವವರೆಗೂ ಮಾಡಿದೆ. ಅಡುಗೆಮನೆಯಲ್ಲಿ ಸಾರು ಕುದಿಯುವಾಗಲೂ ಮಾಡಿದೆ.

ಗಿರಣಿಗೆ ರಜೆಯಿದ್ದ ಬೆಳಿಗ್ಗೆ ನಿಜವಾದ ಡಬ್ಬ ಬಿಚ್ಚಿದೆ. ಯಜಮಾನರಿಗೆ ಎರಡು ಸಲ ಕೈ ತೊಳೆಸಿ ಪಕ್ಕದಲ್ಲಿ ಕೂರಿಸಿಕೊಂಡೆ. ರಾಗಿಹಿಟ್ಟು ಒಳಗೆ ಬೀಳುವುದು ಬೇಡ. ಫ್ಯಾನು ತೆಗೆದು, ಸುಣ್ಣದ ಹಾಗೆ ಒಣಗಿದ್ದ ಹಳೆಯ ಪೇಸ್ಟನ್ನು ಒರೆಸಿದೆ. ಲಿವರ್ ಬಿಚ್ಚಿ ಹಳೆಯ ಪ್ರೊಸೆಸರನ್ನು ಎತ್ತಿ, ಹೊಸದರ ಕಚ್ಚು ನೋಡಿಕೊಂಡು ಇಳಿಸಿ ಬಿಟ್ಟೆ.

“ಕುಂತೈತಾ?”

ಅವರು ಬಗ್ಗಿದ್ದು ಉಸಿರಿನಿಂದ ಗೊತ್ತಾಯಿತು. “ಸಮಕ್ಕೆ ಕುಂತೈತೆ ಕಣೆ.”

ಲಿವರ್ ಒತ್ತಿದಾಗ ಕರಕರ ಸದ್ದು. ಅವರು “ಅಯ್ಯೋ” ಎಂದರು. ಸತ್ತ ಬೋರ್ಡಿನಲ್ಲೂ ಅದೇ ಸದ್ದು ಬರುತ್ತಿತ್ತು, ನಾನು ನಿಲ್ಲಿಸಲಿಲ್ಲ. ಮೇಲೆ ತೊಗರಿಬೇಳೆಯಷ್ಟು ಹೊಸ ಪೇಸ್ಟು ಇಟ್ಟು ಫ್ಯಾನು ಕೂರಿಸಿ, ಸ್ವಿಚ್ಚು ಹಾಕಿದೆ. ಫ್ಯಾನು ತಿರುಗಿತು, ತಿರುಗಿ ತಿರುಗಿ ಅಬ್ಬರಿಸಿತು, ಧ್ವನಿ ಬರುವ ಮೊದಲೇ ಎಲ್ಲ ಆರಿಹೋಯಿತು.

“ಹೋಯ್ತು ಬುಡು. ಸಿರಾಕ್ಕೇ ತಕಂಡೋಗಾನ” ಎಂದರು.

“ಇಲ್ಲ. ಸುಮ್ನಿರಿ ಒಂದು ಗಳಿಗೆ.”

ತಂತಿ ಕಿತ್ತು, ಫ್ಯಾನಿನ ನಾಲ್ಕು ಕಾಲುಗಳನ್ನು ಒಂದೊಂದಾಗಿ ಅಲ್ಲಾಡಿಸಿದೆ. ಕೋಣೆಯ ಗೋಡೆ ಕಡೆಯ ಕಾಲು ಮಿಸುಕಿತು. ಕೂರಿಸುವಾಗ ಅದರ ‘ಟಕ್’ ನನಗೆ ಕೇಳಿಸಿರಲಿಲ್ಲ, ಕೇಳಿಸಿತೆಂದುಕೊಂಡು ಮುಂದೆ ಹೋಗಿದ್ದೆ. ಫ್ಯಾನು ಆ ಮೂಲೆಯಲ್ಲಿ ಎತ್ತಿಕೊಂಡಿದ್ದರಿಂದ ಪ್ರೊಸೆಸರ್ ಬಿಸಿಯೇರಿ ಯಂತ್ರ ನಿಂತುಹೋಗಿತ್ತು. ಪೂರ್ತಿ ಬಿಚ್ಚಿ, ಹೊಸ ಪೇಸ್ಟು ಇಟ್ಟು, ಆ ಕಾಲನ್ನು ಹೆಬ್ಬೆರಳು ಕೆಂಪಾಗುವಷ್ಟು ಒತ್ತಿದೆ. ಟಕ್.

ಈ ಸಲ ಒಂದು ಬೀಪ್ ಬಂತು. ಆಮೇಲೆ ಮೌನ. ಫ್ಯಾನು ಮಾತ್ರ ಮೆತ್ತಗೆ ತಿರುಗುತ್ತಿತ್ತು.

“ಪರದೆ ಮೇಲೆ ಏನೈತೆ, ಓದ್ರಿ.”

ಯಜಮಾನರಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತದೆ, ಅವಸರ ಮಾಡಬಾರದು ಅಷ್ಟೇ. “ಎನ್, ಇ, ಡಬ್ಲ್ಯೂ… ನ್ಯೂ. ಸಿ, ಪಿ, ಯು.” ನಾನು ಸೆರಗು ಹಿಡಿದುಕೊಂಡು ಕೂತಿದ್ದೆ. “ಪ್ರೆಸ್… ಎಫ್ ಒನ್.”

ಹೊಸ ಪ್ರೊಸೆಸರ್ ಬಂದಿದೆ ಎಂದು ಅದು ತಾನೇ ಒಪ್ಪಿಕೊಂಡಿತ್ತು. ಎಫ್ ಒನ್ ಒತ್ತಿ, ಮುಂದಿನದನ್ನೂ ಅವರು ಓದಿದಂತೆ ಒತ್ತಿ ಹೊರಬಂದೆ. ಕೊಂಚ ಹೊತ್ತಿಗೆಲ್ಲ ನನ್ನ ಧ್ವನಿ ಮಾತಾಡಿತು. ‘ಪ’ ಒತ್ತಿದೆ. ಬೆರಳು ಎತ್ತುವ ಮೊದಲೇ ‘ಪ’ ಎಂದಿತು.

ಯಜಮಾನರು ಎದ್ದು ಟೀ ಇಟ್ಟರು. ಬಾಕಿಯಿದ್ದ ಪಾಲಿನ ದಾವೆಯೊಂದನ್ನು ತೆರೆದು, ಧ್ವನಿಯ ವೇಗ ಏರಿಸುತ್ತ ಹೋದೆ. ಲೋಟ ತಂದಿಟ್ಟವರು ಅಲ್ಲೇ ನಿಂತು ಕೇಳಿದರು.

“ಇದ್ಯಾವ ಭಾಷೆನೇ?”

“ಕನ್ನಡ ಕಣ್ರೀ. ನಿಮಗೆ ಜೋರಾಯ್ತು ಅಷ್ಟೇ.”

ಸಂಜೆಯೊಳಗೆ ದಾವೆ ಮುಗಿಸಿ ವಕೀಲರಿಗೆ ಕಳಿಸಿದೆ. ಮುಂದಿನ ಬೇಸಿಗೆಯಲ್ಲಿ ಕಂಪ್ಯೂಟರಿನ ನೆನಪು ಹೆಚ್ಚಿಸುವ ಮೆಮೊರಿ ಪಟ್ಟಿಯನ್ನೂ ನಾನೇ ಹಾಕಿದೆ. ಅದಕ್ಕೆ ಯಾರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ.