ಕಾಕಾರ ನಾಯಿ

ಕಾಕರ್ ಸ್ಪೇನಿಯಲ್ ಸಾಕಿದವರನ್ನು ಯಾಕೆ ಇದೇ ನಾಯಿ ಎಂದು ಕೇಳಿ ನೋಡಿ. ಮೊದಲ ಉತ್ತರ ಕಣ್ಣು. ಎರಡನೆಯದು ಕಿವಿ. ಮೂರನೆಯದು ಬರುವ ಹೊತ್ತಿಗೆ ಅವರು ಮೊಬೈಲ್ ತೆಗೆದು ಫೋಟೋ ತೋರಿಸುತ್ತಿರುತ್ತಾರೆ. ಫೋಟೋ ವಾದವಾಗುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಒಂದೇ: ಎದುರಿನವರು ಕೊಟ್ಟ ಕಾರಣವನ್ನು ಕೈಗೆತ್ತಿಕೊಂಡು, ಅದು ಇನ್ನು ಯಾವುದಕ್ಕೆಲ್ಲ ಹೊಂದುತ್ತದೆ ಎಂದು ನೋಡುವುದು. ಕಣ್ಣು ಚೆಂದ ಎಂಬುದೇ ಕಾರಣವಾದರೆ ಎಮ್ಮೆಯ ಕರುವನ್ನೂ ತಂದು ಸೋಫಾದ ಮೇಲೆ ಕೂರಿಸಬಹುದು.

ನನ್ನ ಈ ಚಾಳಿ ಗೊತ್ತಿದ್ದುದರಿಂದಲೇ ಎದುರು ಮನೆಯ ಕಾಕೂ ನನ್ನನ್ನು ಕರೆದದ್ದು.

ಕಾಕಾ, ಕಾಕೂ ಎಂದು ಕರೆದರೂ ಈ ಗಂಡ ಹೆಂಡತಿ ನಮಗೆ ಸಂಬಂಧಿಕರಲ್ಲ. ಧಾರವಾಡದ ನಮ್ಮ ಓಣಿಯಲ್ಲಿ ನಾನು ಹುಟ್ಟುವ ಮೊದಲಿನಿಂದ ಇರುವವರು. ಕಾಕಾ ಸರಕಾರಿ ಕಚೇರಿಯಿಂದ, ಕಾಕೂ ಶಾಲೆಯಿಂದ ನಿವೃತ್ತರಾಗಿದ್ದಾರೆ. ನಿವೃತ್ತಿಯಾದ ಹೊಸದರಲ್ಲಿ ಕಾಕಾ ಯಾರಿಗೂ ಹೇಳದೆ ಹುಬ್ಬಳ್ಳಿಗೆ ಹೋಗಿ ಒಂದು ಕಂದು ಬಣ್ಣದ ಹೆಣ್ಣು ಮರಿ ತಂದರು. ಯಾವ ಜಾತಿ ಎಂದು ಕೇಳಿದವರಿಗೆಲ್ಲ ಕಾಕರ್ ಎಂದರು. ಓಣಿ ಅದನ್ನು ತನಗೆ ತಿಳಿದಂತೆ ಕೇಳಿಸಿಕೊಂಡಿತು. ಹಾಲಿನವನಿಂದ ಹಿಡಿದು ಗ್ಯಾಸ್ ಸಿಲಿಂಡರ್ ತರುವವನವರೆಗೆ ಎಲ್ಲರಿಗೂ ಅದು ‘ಕಾಕಾರ ನಾಯಿ’ ಆಯಿತು.

ತಂದವರು ಕಾಕಾ, ಆದ್ದರಿಂದ ಹೆಸರನ್ನು ತಪ್ಪೆನ್ನಲು ಬರುವುದಿಲ್ಲ. ಬೆಳಿಗ್ಗೆ ಅದನ್ನು ತಿರುಗಾಡಿಸುವವರೂ ಅವರೇ, ಓಣಿಯ ಕಣ್ಣಿಗೆ ಬೀಳುವುದೂ ಅಷ್ಟೇ. ಸ್ನಾನ ಮಾಡಿಸುವುದು, ಗಂಟಾದ ಕೂದಲು ಬಿಡಿಸುವುದು, ಉಣ್ಣುವಾಗ ಆ ಜೋಲುಗಿವಿಗಳು ತಟ್ಟೆಯಲ್ಲಿ ಅದ್ದದಂತೆ ತಲೆಯ ಹಿಂದಕ್ಕೆ ಬಟ್ಟೆಯ ಪಟ್ಟಿ ಕಟ್ಟುವುದು, ಕಿವಿಯಲ್ಲಿ ತೇವ ಉಳಿಯದಂತೆ ಹತ್ತಿಯಿಂದ ಒರೆಸುವುದು, ಇವೆಲ್ಲ ಹಿತ್ತಿಲಲ್ಲಿ ನಡೆಯುತ್ತಿದ್ದವು. ಹಿತ್ತಿಲು ಕಾಕೂನ ಭಾಗ.

ಆ ನಾಯಿ ಮರಿ ಹಾಕಿತು. ಕೇಳಿದವರಿಗೆ ಕೇಳಿದಂತೆ ಮರಿ ಕೊಟ್ಟರು. ಎದೆಯ ಮೇಲೆ ಬಿಳಿ ಮಚ್ಚೆಯಿದ್ದ ಗಂಡು ಮರಿಯನ್ನು ಒಯ್ದವರು, ಇದರ ಕಣ್ಣು ಮನುಷ್ಯರ ಕಣ್ಣಿನಂತಿದೆ ಎಂದು ಕಾಕಾನಿಗೆ ಮತ್ತೆ ಮತ್ತೆ ಹೇಳಿ ಹೋದರು. ಕೆಲವು ತಿಂಗಳ ಮೇಲೆ ಅದೇ ಮರಿ ಲಕಮನಹಳ್ಳಿಯಲ್ಲಿ ಒಂದು ಕಾರ್ಖಾನೆಯ ಗೇಟಿಗೆ ಕಟ್ಟಿಹಾಕಿದ ಸ್ಥಿತಿಯಲ್ಲಿ ಸಿಕ್ಕಿತು. ಅಲ್ಲಿಯವರು ಅದನ್ನು ದನದ ಡಾಕ್ಟರ ಹತ್ತಿರ ಒಯ್ದರು. ಡಾಕ್ಟರು ಹಿಂದೆ ತಾವೇ ಲಸಿಕೆ ಹಾಕಿದ್ದರಿಂದ ಬಿಳಿ ಮಚ್ಚೆಯನ್ನು ಗುರುತಿಸಿ ಕಾಕೂಗೆ ಫೋನು ಮಾಡಿದರು. ಎರಡೂ ಕಿವಿ ಕೀವಾಗಿ, ಹತ್ತಿರ ಹೋಗಲಾರದಷ್ಟು ನಾತ ಬರುತ್ತಿತ್ತು. ಮರಿ ಒಯ್ದಿದ್ದವರ ಫೋನು ಹತ್ತಲೇ ಇಲ್ಲ.

ಕಾಕೂ ಅದನ್ನು ಮನೆಗೆ ತಂದು ಔಷಧ ಹಾಕಿ ಗುಣ ಮಾಡಿದರು. ಕಿವಿ ವಾಸಿಯಾಯಿತು. ಒಂದು ಅಭ್ಯಾಸ ಮಾತ್ರ ಉಳಿಯಿತು: ಹಗ್ಗ ಹಾಕಿ ಗೇಟಿನ ಹತ್ತಿರ ಒಯ್ದರೆ ಕುಳಿತುಬಿಡುತ್ತಿತ್ತು. ಎಳೆದರೂ ಏಳುತ್ತಿರಲಿಲ್ಲ.

“ಎರಡು ನಾಯಿ, ನಾಲ್ಕು ಕಿವಿ. ನನ್ನ ಕೈ ಎರಡಽ ಅವ, ಅವೂ ನೋಯ್ತಾವ,” ಎಂದರು ಕಾಕೂ ನನ್ನನ್ನು ಕರೆದು. “ಈ ಹುಡುಗನ್ನ ಮತ್ತ ಎಲ್ಲೆರೆ ಕೊಡಬೇಕು. ಆದ್ರ ಇನ್ನೊಮ್ಮೆ ಗೇಟಿಗೆ ಕಟ್ಟಿಸ್ಕೋಬಾರದು. ನೀ ಬಂದು ಕೂಡು. ಬಂದವರನ್ನ ಕೇಳು.”

“ಏನ್ ಕೇಳ್ಲಿ?”

“ಕಾಕರ್ ಯಾಕ ಬೇಕು ಅಂತ ಕೇಳು. ಮುಂದಿಂದು ನಾ ಹೇಳಿಕೊಡಬೇಕೇನು? ಕಪಾಟ ತುಂಬ ಕಪ್ ಇಟ್ಕೊಂಡಾಕಿ.”

ನನಗೆ ನಾಯಿಗಳ ಮೇಲೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಕಾನೂನು ಓದುತ್ತಿದ್ದೆ, ರವಿವಾರ ಖಾಲಿ ಇತ್ತು, ಕಾಕೂನ ಒಗ್ಗರಣೆ ಅವಲಕ್ಕಿಯ ಬಗ್ಗೆ ಭಿನ್ನಾಭಿಪ್ರಾಯವಿರಲಿಲ್ಲ. ಒಪ್ಪಿಕೊಂಡೆ.

ರವಿವಾರ ರವಿವಾರ ಜನ ಬರತೊಡಗಿದರು. ಗರಿಗರಿ ಸೀರೆ, ಇಸ್ತ್ರಿಯ ಅಂಗಿ, ಒಳಗಿನಿಂದ ಅವಲಕ್ಕಿಯ ವಾಸನೆ. ಪಕ್ಕದ ಮನೆಯ ಅಜ್ಜಿ ಕಟ್ಟೆಯ ಮೇಲಿಂದ ಕೇಳಿಯೇಬಿಟ್ಟರು: “ಯಾರಿಗ್ವಾ ವರಾ ನೋಡಾಕತ್ತೀರಿ? ನಿನಗೇನು?”

“ನನಗಲ್ಲಬೇ, ನಾಯಿಗೆ.”

“ಛಲೋ ಆತು ಬಿಡು. ಅದಕ್ಕರೆ ಲಗೂ ಆಗ್ಲಿ,” ಎಂದು ಅಜ್ಜಿ ಒಳಗೆ ಹೋದರು.

ಮೊದಲು ಬಂದದ್ದು ಹೊಸ ಫ್ಲ್ಯಾಟು ಕೊಂಡ ಒಂದು ಜೋಡಿ. ಫ್ಲ್ಯಾಟಿಗೆ ಸಣ್ಣ ನಾಯಿ ಬೇಕು, ಕಾಕರ್ ಸಣ್ಣದು, ಆದ್ದರಿಂದ ಕಾಕರ್ ಬೇಕು ಎಂಬುದು ಅವರ ವಾದ. ಇದನ್ನು ಹೊಲದಲ್ಲಿ ದಿನವಿಡೀ ಓಡಲೆಂದೇ ಬೆಳೆಸಿದ್ದು, ನೀವಿಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದ ಮೇಲೆ ಇದು ಎಲ್ಲಿ ಓಡಬೇಕು ಎಂದು ಕೇಳಿದೆ. ಬಾಲ್ಕನಿಯಲ್ಲಿ ಎಂದ ಅವನು. ಅವಳು ಚಹಾ ಮುಗಿಸಿ ಎದ್ದಳು.

ಮುಂದಿನ ವಾರ ಬಂದವರು ಮಾರ್ಕೆಟ್ಟಿನಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಹಿರಿಯರು. ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ. ಮರಿಯನ್ನು ಬಹಳ ಹೊತ್ತು ನೋಡಿದರು.

“ನಮ್ಮನ್ಯಾಗ ತತ್ತಿ ಸುದ್ದಾ ಬರೂದಿಲ್ರಿ. ಅದಕ್ಕಽ ಈ ಜಾತೀನಽ ಬೇಕಂತೀವಿ. ಇದು ಸಸ್ಯಾಹಾರಿ ನಾಯಿ ಅಲ್ರೀ?”

“ಯಾರ್ ಹೇಳಿದ್ರು ನಿಮಗ?”

“ಹೇಳೂದೇನೈತ್ರಿ, ಮಾರಿ ನೋಡಿದ್ರ ಗೊತ್ತಾಗ್ತೈತಿ. ಪೂಜಾಕ್ಕ ಕುಂತವರ ಮಾರಿ ಇದ್ದಂಗ ಐತಿ.”

ಇದು ಬೇಟೆಯ ನಾಯಿ, ಪೊದೆಯಲ್ಲಿ ಅಡಗಿದ ಹಕ್ಕಿಗಳನ್ನು ಎಬ್ಬಿಸಿ, ಗುಂಡು ತಗುಲಿ ಬಿದ್ದದ್ದನ್ನು ಬಾಯಲ್ಲಿ ಕಚ್ಚಿ ತರುವುದು ಇದರ ಮೂಲ ಕಸುಬು, ಹೆಸರು ಬಂದದ್ದೂ ಒಂದು ಹಕ್ಕಿಯಿಂದಲೇ ಎಂದು ನಾನು ವಿವರಿಸಿದೆ.

“ಅಂದ್ರ ಇದರ ಹೆಸರು ಹಕ್ಕಿ ಹೆಸರು?”

“ಇದು ಹಿಡಿಯೋ ಹಕ್ಕಿ ಹೆಸರ್ರಿ.”

ಅವರು ಅವಲಕ್ಕಿಯ ತಟ್ಟೆಯನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟರು. “ಹಂಗಾರ ನಾವು ಬರ್ತೀವ್ರಿ.”

ಅವರು ಗೇಟು ದಾಟುವವರೆಗೆ ಕಾದು ಕಾಕೂ ನನ್ನ ಕಡೆ ತಿರುಗಿದರು. “ಅಷ್ಟೆಲ್ಲಾ ಹೇಳೂದು ಏನಿತ್ತು ನಿನಗ?”

“ನೀವಽ ಕೇಳು ಅಂದ್ರಿ.”

“ಕೇಳು ಅಂದೆ. ಹೇಳು ಅಂದಿದ್ದಿಲ್ಲ. ನಾನೂ ತತ್ತಿ ಮುಟ್ಟದಾಕಿ, ಇವಕ್ಕ ಪ್ಯಾಕೆಟಿಂದು ಹಾಕ್ತೀನಿ. ಅದರ ಬೆನ್ನಮ್ಯಾಲೆ ಏನ್ ಬರ್ದಾರ ಅಂತ ಇವತ್ತಿಗೂ ಓದಿಲ್ಲ. ನೀ ಹಿಂಗಽ ನಡಸಿದ್ರ ಈ ಹುಡುಗ ಇಲ್ಲೇ ಮುದುಕ ಆಗ್ತಾನ.”

ಅದು ನಿಜವಾಗತೊಡಗಿತ್ತು. ಮರಿ ಬೆಳೆಯುತ್ತಿತ್ತು. ಬಂದವರೆಲ್ಲ ಮೊದಲು ಎಷ್ಟು ತಿಂಗಳದ್ದು ಎಂದು ಕೇಳಿ, ಉತ್ತರ ಕೇಳಿ ಸ್ವಲ್ಪ ಹಿಂದೆ ಸರಿಯುತ್ತಿದ್ದರು. ಒಮ್ಮೆ ಗೇಟಿಗೆ ಕಟ್ಟಿಸಿಕೊಂಡದ್ದು ಎಂದು ತಿಳಿದರೆ ಇನ್ನೂ ಹಿಂದೆ. ಆದರೆ ನನ್ನ ಪ್ರಶ್ನೆ ಸಡಿಲಿಸಲು ನನಗೆ ಕಾರಣ ಕಾಣಲಿಲ್ಲ. ಸಡಿಲವಾದ ಪ್ರಶ್ನೆ ದಾಟಿ ಹೋದವರೇ ಅಲ್ಲವೇ ಮೊದಲ ಸಲ ಇದನ್ನು ಒಯ್ದದ್ದು?

ಅಷ್ಟರಲ್ಲಿ ನನ್ನದೊಂದು ಸಿದ್ಧಾಂತವೂ ತಯಾರಾಗಿತ್ತು. ಅಲ್ಸೇಷನ್ ನೋಡಿದರೆ ಕೆಲಸ ನೆನಪಾಗುತ್ತದೆ. ಡಾಬರ್‌ಮನ್ ನೋಡಿದರೆ ನೆರೆಯವರ ಜೊತೆ ಜಗಳ ನೆನಪಾಗುತ್ತದೆ. ಕಾಕರ್ ನೋಡಿದರೆ ಏನೂ ನೆನಪಾಗುವುದಿಲ್ಲ. ಎಲ್ಲ ಕಲಿತು, ಎಲ್ಲ ಮುಗಿಸಿ, ಸ್ವಲ್ಪ ಬೇಸರದಿಂದ ಕುಳಿತ ಮುಖ ಅದು. ಸಾಕುವ ನಾಯಿಗಳಲ್ಲಿ ಇಷ್ಟು ಬಾಚಿಸಿಕೊಳ್ಳುವ, ಒರೆಸಿಸಿಕೊಳ್ಳುವ ನಾಯಿಗಳು ಕಡಿಮೆ, ಮುಖ ಮಾತ್ರ ಅದನ್ನು ಬಚ್ಚಿಡುತ್ತದೆ. ಜನ ಮುಖವನ್ನು ಆರಿಸುತ್ತಾರೆ, ಕಿವಿ ಜೊತೆಗೆ ಬರುತ್ತದೆ.

ಇದನ್ನು ಕಾಕಾನ ಮುಂದೆ ಮಂಡಿಸಿದೆ. ಅವರು ಪೇಪರಿನ ಹಿಂದಿನಿಂದಲೇ ಅಂದರು: “ನಾನೂ ಕಣ್ಣು ನೋಡೇ ತಂದೆ. ಏನಾಗ್ಯದ ಈಗ?”

“ಏನಾಗ್ಯದ ಅಂತ ನನ್ನ ಕೇಳ್ರಿ,” ಎಂದಿತು ಅಡುಗೆಮನೆ.

ಪೇಪರು ಒಂದು ಪುಟ ತಿರುವಿತು.

ಹುಬ್ಬಳ್ಳಿಯ ಬೆಂಗೇರಿಯಿಂದ ಗಂಡ ಹೆಂಡತಿ ಇಬ್ಬರು ಬಂದದ್ದು ಜಿಟಿಜಿಟಿ ಮಳೆಯ ಒಂದು ರವಿವಾರ. ಗಂಡ ಅಲ್ಲಿ ಹತ್ತಿ ವ್ಯಾಪಾರಿ, ಹತ್ತಿರದ ಸುಳ್ಳ ಗ್ರಾಮದಲ್ಲಿ ಹೊಲ ಇದೆ. ಮಾತಿನ ಮನುಷ್ಯ. ನಾನು ಕೇಳುವ ಮೊದಲೇ ಶುರು ಮಾಡಿದರು: “ಭಾಳ ದೊಡ್ಡದಲ್ಲ, ಭಾಳ ಸಣ್ಣದಲ್ಲ. ಬಂದ ಮಂದೀನ ಹೆದರಸೂದಿಲ್ಲ. ಹೊಲಕ್ಕ ಕರ್ಕೊಂಡು ಹೋದ್ರ ಓಡ್ಯಾಡ್ತೈತಿ. ಮ್ಯಾಲ ಇದರ ಕಣ್ಣು ನೋಡ್ರಿ...”

ಕಣ್ಣು ಬಂತು ಎಂದು ನಾನು ಕಾಕೂನ ಕಡೆ ನೋಡಿದೆ. ಹೆಂಡತಿ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಟೀಪಾಯಿಯ ಕೆಳಗಿದ್ದ ಮರಿಯನ್ನೇ ನೋಡುತ್ತಿದ್ದವರು ತಲೆ ಎತ್ತದೆ ಅಂದರು:

“ಹೊಲಕ್ಕ ಕರ್ಕೊಂಡು ಹೋಗ್ತೀರಿ. ಎರಿ ಮಣ್ಣು ಇದರ ಕಾಲಾಗಿನ ಕೂದಲಕ್ಕ ಹತ್ತಿ ಕಲ್ಲಾದ ಮ್ಯಾಲೆ ಬಿಡಸಾವರು ಯಾರು? ನಾನು.”

“ಏ, ಅದೇನ್ ದೊಡ್ಡ ಮಾತು?”

“ಸಣ್ಣ ಮಾತಽ. ಮಳಿಗಾಲದಾಗ ಕೂದಲಾ ಒಣಗೂದಿಲ್ಲ, ವಾಸನಿ ಹಿಡಿತೈತಿ. ಒಣಗಸಾಕಿ ನಾನು. ಕಿವಿ ನೆಲಕ್ಕ ಹತ್ತತಾವ, ಉಂಬಾಗ ಗಂಗಾಳದಾಗ ಬೀಳ್ತಾವ, ತೊಳ್ಯಾಕಿ ನಾನು. ಸೋಫಾದ ಮ್ಯಾಲಿನ ಕೂದಲಾ ಆರಸಾಕಿ ನಾನು. ಮದವಿ ಮುಂಜಿ ಬಂದ್ರ ನೀವು ಹೋಗ್ತೀರಿ, ಇದರ ಜೋಡಿ ಮನ್ಯಾಗ ಉಳ್ಯಾಕೀನೂ ನಾನು. ಬ್ಯಾಡ. ಏಳ್ರಿ.”

ಅಷ್ಟು ದಿನಗಳಲ್ಲಿ ನಾನು ಕೇಳಿದ ಅತ್ಯುತ್ತಮ ಪ್ರತಿವಾದ ಅದು. ಒಂದು ಮಾತೂ ದಂಡವಾಗಿರಲಿಲ್ಲ. ಬೇಕು ಎಂದು ಬಂದವರಲ್ಲಿ ಒಬ್ಬರಿಗೂ ತೋಚದಿದ್ದದ್ದೆಲ್ಲ ಬೇಡ ಎನ್ನುವ ಇವರಿಗೆ ತೋಚಿತ್ತು. ಹೇಳಿದ ಪ್ರತಿ ಕೆಲಸಕ್ಕೂ ಒಂದು ಕರ್ತೃಪದವಿತ್ತು, ಎಲ್ಲ ವಾಕ್ಯದಲ್ಲೂ ಕರ್ತೃ ಒಂದೇ. ನಿರ್ಣಾಯಕಳಾಗಿ ನಾನು ತೀರ್ಪು ಕೊಟ್ಟೆ: “ಅವರು ಬ್ಯಾಡ ಅಂದ್ರಲ್ರಿ ಕಾಕೂ, ಮುಗೀತು. ಒಲ್ಲದವರ ತಲೀಮ್ಯಾಲೆ ಹೊರಸಾಕ ಬರೂದಿಲ್ಲ.”

“ನೀ ಸ್ವಲ್ಪ ಸುಮ್ಮಕೂಡು,” ಎಂದರು ಕಾಕೂ. ಬಂದ ಹೆಂಗಸಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. “ಒಂದು ಮಾತು ಕೇಳ್ತೀನಿ. ನಿಮಗ ನಾಯಿ ಬ್ಯಾಡೋ, ಕೆಲಸಾ ಬ್ಯಾಡೋ?”

ಈ ಪ್ರಶ್ನೆಯನ್ನು ನಾನು ಯಾರಿಗೂ ಕೇಳಿರಲಿಲ್ಲ.

ಆಕೆ ಕೆಳಗೆ ಬಾಗಿ ಮರಿಯ ಒಂದು ಕಿವಿಯನ್ನು ಎತ್ತಿ, ಒಳಗೆ ನೋಡಿ, ಮೆಲ್ಲಗೆ ಬಿಟ್ಟರು. “ನಾಯಿ ಬ್ಯಾಡ ಅಂತ ನಾ ಯಾಕನ್ಲಿರಿ? ತವರಮನ್ಯಾಗ ನಾಯಿ ಜೋಡೀನಽ ಬೆಳದಾಕಿ ನಾನು. ಆದ್ರ ಇಲ್ಲೀತನಕ ನನ್ನ ಯಾರ್ ಕೇಳ್ಯಾರ? ನಿನ್ನೆ ರಾತ್ರಿ ಉಂಬಾಗ ಹೇಳಿದ್ರು, ನಾಳೆ ನಾಯಿ ತರಾಕ ಹೊಂಟೇವಿ ಅಂತ.”

“ನನಗಂತೂ ನಾಯಿ ಮನಿಗೆ ಬಂದ ಮ್ಯಾಲೆ ಗೊತ್ತಾತು,” ಎಂದರು ಕಾಕೂ.

ಪೇಪರು ಅಲುಗಲಿಲ್ಲ.

ಆಮೇಲೆ ನಡೆದದ್ದು ಥೇಟು ಮದುವೆಯ ಮಾತುಕತೆ. ನಾಯಿ ಬರಲಿ, ಕಿವಿ ಮತ್ತು ಸ್ನಾನ ನಿಮ್ಮದು ಎಂದರು ಆಕೆ ಗಂಡನಿಗೆ. ವಾರಕ್ಕೊಮ್ಮೆ ಎಂದು ಆತ ಚೌಕಾಶಿ ಮಾಡಿದರು. ಕಿವಿಯನ್ನು ದಿನಾ ನೋಡಬೇಕು ಎಂದರು ಆಕೆ. ಅದೆಲ್ಲ ನನಗೆ ಬರುವುದಿಲ್ಲ ಎಂದರು ಆತ.

“ಇಡೀ ಹುಬ್ಬಳ್ಳಿಗೆ ಹತ್ತಿ ಮಾರ್ತೀರಿ. ಒಂದ್ ಚೂರು ಹತ್ತೀಲೆ ಕಿವಿ ಒರಸಾಕ ಬರೂದಿಲ್ಲೇನು?”

ಕಾಕಾ ಪೇಪರಿನ ಹಿಂದೆ ಜೋರಾಗಿ ನಕ್ಕರು. ನಗು ಮುಗಿಸಿ ಪೇಪರು ಇಳಿಸಿದಾಗ ಕಾಕೂ ತಮ್ಮನ್ನೇ ನೋಡುತ್ತಿರುವುದು ಕಂಡು ಮತ್ತೆ ಏರಿಸಿದರು.

ವ್ಯಾಪಾರಿ ಅಲ್ಲೇ ಹಿತ್ತಿಲ ಕಟ್ಟೆಯ ಮೇಲೆ ಕಾಕೂನಿಂದ ಪಾಠ ಹೇಳಿಸಿಕೊಂಡರು. ಕಿವಿ ಮಡಿಸಿ ಮೇಲಕ್ಕೆ ಹಿಡಿಯುವುದು, ಬೆರಳು ಹೋಗುವಷ್ಟೇ ಒರೆಸುವುದು, ಆಳಕ್ಕೆ ಕೈ ಹಾಕದಿರುವುದು. ಇಂಥ ಮಾತನ್ನು ನಂಬಬಹುದೇ ಎಂದು ನಾನು ಕಾಕೂನ ಕಿವಿಯಲ್ಲಿ ಕೇಳಿದೆ. ಆತ ಒಪ್ಪಿದ್ದಕ್ಕೆ ಆಧಾರವಿಲ್ಲ, ಬರೀ ಬಾಯಿಮಾತು.

“ಅಂವನ್ನ ಯಾರು ನಂಬಿದ್ರು? ಆಕೀನ ನಂಬೀನಿ. ಆಕಿ ಬಿಡೂದಿಲ್ಲ.”

ಹೊರಡುವಾಗ ಮರಿ ಎಂದಿನಂತೆ ಗೇಟಿನ ಹತ್ತಿರ ಕುಳಿತುಬಿಟ್ಟಿತು. ವ್ಯಾಪಾರಿ ಹಗ್ಗ ಎಳೆದರು. “ಎಳೀಬ್ಯಾಡ್ರಿ,” ಎಂದು ಹೆಂಡತಿ ಬಾಗಿ ಅದನ್ನು ಎರಡೂ ಕೈಯಿಂದ ಎತ್ತಿಕೊಂಡರು. “ನೋಡ್ರಿ, ಸೀರಿಗೆಲ್ಲಾ ಕೂದಲಾ ಹತ್ತಿದ್ವು,” ಎಂದು ಗೊಣಗುತ್ತಲೇ ಕಾರಿನವರೆಗೆ ಹೊತ್ತು ನಡೆದರು.

ಆಮೇಲೆ ಸುದ್ದಿಯಿಲ್ಲ. ಕಾಕೂ ತಾವಾಗಿ ಫೋನು ಮಾಡಲಿಲ್ಲ. ಹಿಂದಿನ ಸಲವೂ ಹೀಗೇ ಸುದ್ದಿಯಿರಲಿಲ್ಲ ಎಂದು ಒಮ್ಮೆ ಅಂದರು, ಅಷ್ಟೇ. ನನ್ನ ರವಿವಾರಗಳು ಖಾಲಿಯಾದರೂ ಅಭ್ಯಾಸಬಲದಿಂದ ಅವಲಕ್ಕಿಗೆ ಹೋಗುತ್ತಿದ್ದೆ. ಹಾಗೆ ಹೋದ ಒಂದು ದಿನ ಕಾಕಾನ ಮೊಬೈಲು ರಿಂಗಾಯಿತು. ಬೆಂಗೇರಿಯವರದು. ಕಾಕೂ ಒಲೆ ಆರಿಸಿ ಬಾಗಿಲಲ್ಲಿ ಬಂದು ನಿಂತರು. ಕಾಕಾ ಫೋನು ಅವರ ಕಡೆ ಚಾಚಿದರು. ಕಾಕೂ ಕೈ ಮುಂದೆ ಮಾಡಲಿಲ್ಲ.

“ವಾಪಸ್ ತರ್ತೀವಿ ಅಂದ್ರ ಹೂಂ ಅನ್ರಿ. ಜಗಳಾ ಮಾಡಬ್ಯಾಡ್ರಿ,” ಎಂದರು.

ಕಾಕಾ ಸ್ಪೀಕರಿಗೆ ಹಾಕಿದರು. ವ್ಯಾಪಾರಿಯ ದನಿ ಗುಟ್ಟು ಹೇಳುವವರಂತೆ ಇತ್ತು. “ಕಾಕಾರ, ಒಂದು ಮಾತು ಕೇಳೂದಿತ್ರಿ. ಸ್ನಾನಾ ಮಾಡಿಸಿದ ಮ್ಯಾಲೆ ಕಿವಿ ಒಳಗ ನೀರು ಉಳದೈತೋ ಇಲ್ಲೋ, ಅದು ಹೆಂಗ ಗೊತ್ತಾಗ್ತೈತಿ? ಈಕಿಗೆ ಗೊತ್ತೈತಿ, ಹೇಳವಲ್ಲಳು. ನಿಮ್ಮ ಪಾಳಿ, ನೀವಽ ತಿಳ್ಕೋರಿ ಅಂತಾಳ. ನಿಮಗೂ ವರ್ಷಾನುಗಟ್ಟಲೆ ರೂಢಿ ಐತೆಲ್ಲ, ಅದಕ್ಕ ಕೇಳಿದೆ.”

ಕಾಕಾ ಕಾಕೂನ ಕಡೆ ನೋಡಿದರು. ಕಾಕೂ ಆಗಲೇ ಬೆನ್ನು ತಿರುಗಿಸಿ ಒಲೆ ಹಚ್ಚುತ್ತಿದ್ದರು.

“ಹೇಳ್ರಿ,” ಎಂದರು. “ಕಾಕಾರ ನಾಯಿ ಅಂತ ಓಣಿಗೆಲ್ಲಾ ಗೊತ್ತದ.”

“ಐದು ನಿಮಿಷ ಬಿಟ್ಟು ಮಾಡ್ತೀನಿ,” ಎಂದು ಕಾಕಾ ಫೋನು ಇಟ್ಟರು. ಎದ್ದು ಹಿತ್ತಿಲಿಗೆ ಹೋದರು. ಅಲ್ಲಿ ಬಿಸಿಲಿಗೆ ಮಲಗಿದ್ದ ನಾಯಿಯ ಪಕ್ಕ ಸ್ವಲ್ಪ ಹೊತ್ತು ನಿಂತು, ಒಳಗೆ ತಲೆ ಹಾಕಿ, ಹತ್ತಿ ಎಲ್ಲಿಟ್ಟೀ ಎಂದು ಕೇಳಿದರು.