ಆಂಟಿ ಹಾಕಿ ಬಂದ ಓಟು

ಕಳೆದ ಭಾನುವಾರ ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್‌ನ ದೇವಸ್ಥಾನದಿಂದ ಹೊರಡುವಾಗ ಗೆಳತಿಯೊಬ್ಬಳು ನನ್ನ ಕಾರಿನಲ್ಲಿ ಒಂದು ಡಬ್ಬಿ ಇಟ್ಟಳು. ಮನೆಗೆ ಬಂದು ಮುಚ್ಚಳ ತೆರೆದೆ. ಶೇಂಗಾ ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ. ಹುರಿದ ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಆ ವಾಸನೆ ಮೂಗಿಗೆ ಬಡಿಯಿತು. ಮುಚ್ಚಳ ಒತ್ತಿ ಡಬ್ಬಿಯನ್ನು ಗರಾಜಿನಲ್ಲಿಟ್ಟು ಬಂದೆ. 

ಕೆಂಡಲ್ ಪಾರ್ಕಿನಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಬೆಳಗಾವಿಯವರು. ಮದುವೆಯಾಗಿ ಕೆನಡಾಕ್ಕೆ ಹೋಗಿ, ಅಲ್ಲಿಯ ಪ್ರಜೆಯಾಗಿ, ಆಮೇಲೆ ಔಷಧ ಕಂಪನಿಯೊಂದರ ಕೆಲಸಕ್ಕೆಂದು ಜೆರ್ಸಿಗೆ ಬಂದಿದ್ದರು. ಬಂದು ಹತ್ತು ವರ್ಷದ ಮೇಲಾಗಿತ್ತು. ಅಂಕಲ್‌ಗೆ ಮರೆವು ಶುರುವಾಗಿ, ಹೊತ್ತು ಇಳಿದರೆ ಆಂಟಿ ಎದುರಿಗಿಲ್ಲದೆ ಅವರಿಗೆ ನೆಮ್ಮದಿ ಇರುತ್ತಿರಲಿಲ್ಲ. ಆಂಟಿಯದು ಕೆನಡಾದವರಿಗೆ ಕೊಡುವ ಕೆಲಸದ ವೀಸಾ. ಎಷ್ಟು ಸಲ ಬೇಕಾದರೂ ಹೊಸದು ಮಾಡಿಸಿಕೊಳ್ಳಬಹುದು, ಆದರೆ ಇಲ್ಲಿರುವುದು ತಾತ್ಕಾಲಿಕ, ಸ್ವಂತ ನೆಲೆ ಕೆನಡಾವೇ ಎಂದು ಗಡಿಯಲ್ಲಿ ಪ್ರತಿ ಸಲವೂ ಒಪ್ಪಿಸಬೇಕು. “ಹೌಸ್ ಜೆರ್ಸಿಯಾಗ, ಹೋಮ್ ಕೆನಡಾದಾಗ. ಕನ್ನಡದಾಗ ಎರಡೂ ಮನೀನ ನೋಡವಾ,” ಎಂದು ನಗುತ್ತಿದ್ದರು.

ಹೋದ ವರ್ಷ ಈ ದೇಶದ ದೊಡ್ಡವರು ಕೆನಡಾವನ್ನು ನಮ್ಮದೇ ಇನ್ನೊಂದು ರಾಜ್ಯ ಮಾಡಿಕೊಳ್ಳುತ್ತೇವೆ ಎನ್ನತೊಡಗಿದರು. ಉಕ್ಕಿನ ಮೇಲೆ, ಕಾರಿನ ಮೇಲೆ ಸುಂಕ ಬಿತ್ತು. ಅಲ್ಲಿ ಚುನಾವಣೆ ಬಂತು. ನಮಗೆಲ್ಲ ಅದೊಂದು ತಮಾಷೆ. ಯುಗಾದಿ ಊಟದ ದಿನ ವೆಸ್ಟ್ ವಿಂಡ್ಸರ್‌ನ ಒಬ್ಬ ಅಂಕಲ್, “ಐವತ್ತೊಂದನೇ ರಾಜ್ಯದವರು ಬಂದ್ರು, ಜಾಗ ಬಿಡ್ರಪ್ಪಾ!” ಎಂದು ಕೂಗಿದರು. ಹಾಲ್ ಪೂರ್ತಿ ನಗು. ಆಂಟಿ ತಟ್ಟೆ ಹಿಡಿದು ನಿಂತಲ್ಲಿಂದಲೇ, “ಊಟಕ್ಕ ಬರ್ತೇವ್ರಿ. ಮನಿ ಮಾತ್ರ ಬರಕೊಡೂದಿಲ್ಲ,” ಅಂದರು.  ವಾಪಸು ಬರುವಾಗ ಕಾರಿನಲ್ಲಿ, “ನಮ್ಮೂರು ತಮ್ದು ಅಂತ ಬಾಜೂ ರಾಜ್ಯದವರು ಅನ್ನೂದನ್ನ ಕೇಳಕೋತನ ಬೆಳದಾಕಿ ನಾನು. ನಿಮಗ ಅದು ಜೋಕು,” ಅಂದರು.

ಹಿಂದೆಲ್ಲ ಅಂಚೆಯಲ್ಲೇ ಮತ ಕಳಿಸುತ್ತಿದ್ದವರು ಈ ಸಲ ಒಪ್ಪಲಿಲ್ಲ. “ಟಪಾಲ್ ಈ ದೇಶದ ಕೈಯಾಗಿಂದನ ಹಾದು ಹೋಗಬೇಕಲಾ,” ಎಂದು ನಕ್ಕರು. ನಗು ಅರ್ಧವೇ ಇತ್ತು. ಈಸ್ಟರ್ ರಜೆಗೆ ಮುಂಗಡ ಮತದಾನವಿತ್ತು. ಅಷ್ಟು ದೂರ ಒಬ್ಬರೇ ಡ್ರೈವ್ ಮಾಡುವುದು ಬೇಡವೆಂದು ನಾನು ಜೊತೆಗೆ ಹೊರಟೆ. ನನ್ನ ಹತ್ತಿರ ಗ್ರೀನ್ ಕಾರ್ಡ್ ಇತ್ತು, ಗಡಿ ದಾಟಿ ಬರಲು ತೊಡಕಿರಲಿಲ್ಲ. ಅಂಕಲ್ ನಮ್ಮ ಮನೆಯಲ್ಲಿ, ನನ್ನವರ ಜೊತೆ ಉಳಿದರು. “ನಾಳೆ ಸಂಜೀಕ ಬರ್ತೀನ್ರಿ,” ಎಂದು ಆಂಟಿ ಅವರಿಗೆ ಎರಡೆರಡು ಸಲ ಹೇಳಿದರು.

ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಆಂಟಿಯ ತಮ್ಮನ ಮನೆ. ತಮ್ಮ ಉಕ್ಕಿನ ಕಾರ್ಖಾನೆಯಲ್ಲಿದ್ದರು. ಪಾಳಿ ಆಗಲೇ ಕಡಿಮೆಯಾಗಿತ್ತು. ಆಂಟಿಯದು ಆಳುವ ಪಕ್ಷ, ತಮ್ಮನ ಓಟು ಎದುರು ಪಕ್ಷಕ್ಕೆ. ಮನೆ ಬಾಡಿಗೆ, ದಿನಸಿ ಎಲ್ಲ ಈ ಸರ್ಕಾರದಿಂದಲೇ ಕೈಮೀರಿದ್ದು ಎಂಬ ಸಿಟ್ಟು. “ನೀ ಅಲ್ಲಿ ಅವರ ಪಗಾರ ತಿಂದು ಇಲ್ಲಿ ಓಟ್ ಹಾಕಾಕ ಬಂದಿ. ನೌಕರಿ ಹೋಗೂದು ನಂದು,” ಅಂದರು. ಆಂಟಿ ರೊಟ್ಟಿ ಮುರಿಯುತ್ತ, “ಅದಕ್ಕ ಬಂದೇನೋ ಮಾರಾಯಾ,” ಅಂದರು. ಅಕ್ಕ ತಮ್ಮ ಒಂದೇ ಕಾರಿನಲ್ಲಿ ಹೋಗಿ ಬೇರೆ ಬೇರೆ ಹೆಸರಿನ ಮುಂದೆ ಗುರುತು ಹಾಕಿ ಬಂದರು. ಮತಗಟ್ಟೆಯಾಗಿದ್ದ ಶಾಲೆಯ ಬಾಗಿಲಲ್ಲಿ ಆಂಟಿ, ಹೊರಗೆ ಕಾದಿದ್ದ ನನಗೆ ಬರಿಯ ತೋರುಬೆರಳು ಎತ್ತಿ ತೋರಿಸಿದರು. “ಮಸಿ ಇಲ್ಲ, ಏನಿಲ್ಲ. ನೀನ ಸಾಕ್ಷಿ!” ಅವರು ಅಷ್ಟು ಗೆಲುವಾಗಿದ್ದದ್ದನ್ನು ನಾನು ಮೊದಲು ನೋಡಿರಲಿಲ್ಲ. ಆಮೇಲೂ ನೋಡಲಿಲ್ಲ...

ಮರುದಿನ ಮಧ್ಯಾಹ್ನ ಗಡಿಯ ಸೇತುವೆಯ ಮೇಲೆ ಕಾರುಗಳ ಸಾಲು. ನಮ್ಮ ಸರದಿ ಬಂತು. ಗಾಜಿನ ಗೂಡಿನಲ್ಲಿದ್ದ ಅಧಿಕಾರಿ ಚಿಕ್ಕ ವಯಸ್ಸಿನವನು. ಯಾಕೆ ಹೋಗಿದ್ದಿರಿ ಎಂದ. ಓಟು ಹಾಕಲು ಎಂದರು ಆಂಟಿ. ಮುಂದಿನ ಸಲ ಇಷ್ಟು ದೂರ ಹೋಗುವ ಕಷ್ಟ ನಿಮಗಿರಲಿಕ್ಕಿಲ್ಲ ಎಂದು ಅವನು ನಕ್ಕ. ಆಂಟಿ ನಗಲಿಲ್ಲ. ಈಗ ಎಲ್ಲಿಗೆ ಎಂದ.

“ಹೋಮ್,” ಅಂದರು ಆಂಟಿ.

ಅವರು ಅಂದದ್ದು ಮನೆಗೆ ಎಂದು. ಅಂಕಲ್ ಕಾಯುತ್ತಿದ್ದ ಮನೆಗೆ. ಯಾರಾದರೂ ಅಂದಾರು. ಅವನ ಮುಖದ ನಗು ಹೋಯಿತು. ಹೋಮ್ ಎಂದರೆ ಎಲ್ಲಿ? ಎಷ್ಟು ವರ್ಷದಿಂದ? ಸ್ವಂತದ್ದೇ? ಆಂಟಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. ಕಾರನ್ನು ಬದಿಗೆ ನಿಲ್ಲಿಸಿ ಒಳಗೆ ಬನ್ನಿ ಎಂದ.

ಒಳಗೆ ಬಿಳಿ ಬೆಳಕಿನ ದೊಡ್ಡ ಕೋಣೆ. ಅಧಿಕಾರಿಗಳು ನಮ್ಮ ಫೋನು ತೆಗೆದುಕೊಂಡರು. ಚೀಲ ತೆರೆದು, ಆಂಟಿಯ ತಮ್ಮನ ಮನೆಯಿಂದ ಕಟ್ಟಿಕೊಟ್ಟಿದ್ದ ಶೇಂಗಾ ಹಿಂಡಿಯ ಡಬ್ಬಿಯನ್ನೂ ಬಿಚ್ಚಿ ಮೇಜಿನ ಮೇಲೆ ಬಿಟ್ಟರು. ಕೋಣೆಯೆಲ್ಲ ಅದೇ ವಾಸನೆ. ಆಂಟಿಯನ್ನು ಆ ತುದಿಯ ಬೆಂಚಿನಲ್ಲಿ ಕೂರಿಸಿದರು, ನನ್ನನ್ನು ಈ ತುದಿಯಲ್ಲಿ. ಕಿಟಕಿಯಾಚೆ ಹೊತ್ತು ಇಳಿಯತೊಡಗಿತ್ತು.

ಇದ್ದಕ್ಕಿದ್ದಂತೆ ಆಂಟಿ ಎದ್ದು ನನ್ನ ಕಡೆಗೆ ನಡೆದು ಬರತೊಡಗಿದರು. “ಅವರದು ಸಂಜೀ ಗುಳಿಗಿ ನೀಲಿ ಡಬ್ಬ್ಯಾಗ ಅವ, ನಿನ್ನ ಗಂಡಗ ಹೇಳವಾ...” ಯಾರೋ ನಿಲ್ಲು ಎಂದು ಅರಚಿದರು. ಇಂಗ್ಲಿಷಿನಲ್ಲಿ ಮಾತಾಡು ಎಂದು ಇನ್ನೊಬ್ಬರು. ಆಂಟಿಗೆ ಅದು ತಮಗೇ ಎಂದು ಹೊಳೆಯಲಿಲ್ಲ. ಒಬ್ಬನ ಕೈ ಸೊಂಟದ ಪಿಸ್ತೂಲಿನ ಮೇಲೆ ಹೋದದ್ದನ್ನು ನಾನು ಕಂಡೆ. ಆಂಟಿಗೆ ಕಾಣುತ್ತಿರಲಿಲ್ಲ, ಅವನು ಅವರ ಬೆನ್ನ ಹಿಂದಿದ್ದ.  ಆಂಟಿ ಬರುತ್ತಲೇ ಇದ್ದಾರೆ, ಗುಳಿಗೆಯ ಮಾತು ಹೇಳುತ್ತಲೇ... ಇಬ್ಬರು ಓಡಿ ಬಂದು ತೋಳು ಹಿಂದಕ್ಕೆ ತಿರುಚಿ ಅವರನ್ನು ಬೆಂಚಿಗೆ ಒತ್ತಿದರು. ಒಂದು ಚಪ್ಪಲಿ ನಡುವೆಯೇ ಉಳಿಯಿತು. ಗುಂಡು ಹಾರಲಿಲ್ಲ. ನನ್ನ ತಲೆಯಲ್ಲಿ ಮಾತ್ರ ಅದು ಇವತ್ತಿಗೂ ಒಮ್ಮೊಮ್ಮೆ ಹಾರುತ್ತದೆ. ರೂಟ್ ಒನ್ನಿನ ಸಿಗ್ನಲ್ಲಿನಲ್ಲಿ, ಆಫೀಸಿನ ಮೀಟಿಂಗಿನಲ್ಲಿ.

ಕೊನೆಗೆ ನನ್ನನ್ನು ಬಿಟ್ಟರು. ಆಂಟಿ ತಾತ್ಕಾಲಿಕವಾಗಿ ಅಲ್ಲ, ಇಲ್ಲಿಯೇ ನೆಲೆಸಿದ್ದಾರೆಂದು ಹೇಳಿ ದೇಶದೊಳಗೆ ಬಿಡಲಿಲ್ಲ, ತಮ್ಮನನ್ನು ಕರೆಸಿ ವಾಪಸು ಕಳಿಸಿದರು. ನಾನು ಅವರ ಕಾರನ್ನು ಒಬ್ಬಳೇ ಓಡಿಸಿಕೊಂಡು ಬಂದೆ. ಮೇ ತಿಂಗಳಲ್ಲಿ ನನ್ನವರು ಅಂಕಲ್‌ರನ್ನು ಆ ಕಡೆಗೆ ಮುಟ್ಟಿಸಿ ಬಂದರು. ಅವರ ಮನೆ ಮಾರಾಟವಾಯಿತು.

ಫಲಿತಾಂಶದ ದಿನ ಆಂಟಿ ಫೋನ್ ಮಾಡಿದ್ದರು. “ನಮ್ಮವರು ಗೆದ್ರವಾ,” ಅಂದರು.  ಸುಂಕ ಹಾಗೆಯೇ ಇತ್ತು. ತಮ್ಮನ ಕೆಲಸ ಬೇಸಿಗೆಯಲ್ಲಿ ಹೋಯಿತು. ಈ ಚಳಿಗಾಲದಲ್ಲಿ ಆಂಟಿ ಅಡುಗೆಮನೆಯಲ್ಲೇ ಕುಸಿದರಂತೆ, ಆಸ್ಪತ್ರೆ ಮುಟ್ಟುವ ಮೊದಲೇ... ನನ್ನವರು ಕಾರಿಗೆ ಪೆಟ್ರೋಲ್ ತುಂಬಿಸಿಕೊಂಡು ಬಂದು ಬಾಗಿಲಲ್ಲಿ ಹಾರ್ನ್ ಹಾಕಿದರು. ನಾನು ಕೋಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಏಳಲಾಗಲಿಲ್ಲ. ಹೋದರೆ ಅದೇ ಸೇತುವೆಯ ಮೇಲೆ ತಿರುಗಿ ಬರಬೇಕು. ಆಂಟಿಯ ಮುಖ ನಾನು ನೋಡಲಿಲ್ಲ.

ಈಗ ಅಂಕಲ್‌ಗೆ ನೆನಪಿರುವುದು ನಮ್ಮ ಮನೆಯ ಫೋನ್ ನಂಬರೊಂದೇ ಇರಬೇಕು. ವಾರದಲ್ಲಿ ಒಂದೆರಡು ಸಲ ಹ್ಯಾಮಿಲ್ಟನ್ನಿನಿಂದ ಮಾಡುತ್ತಾರೆ. ನಿನ್ನೆಯೂ ಮಾಡಿದ್ದರು.

“ಅಕಿ ನಿಮ್ಮನ್ಯಾಗ ಕುಂತಾಳೇನವಾ? ಕತ್ತಲಾತು. ಮನೀಗೆ ಕಳಸು.”

ಹೊರಟಿದ್ದಾರೆ ಅಂಕಲ್, ಎಂದೆ.